ರೋಗಾಣುಗಳ ನಂಜು: ಜೀನ್ ನಿಯಂತ್ರಣದ ಬಗೆಗಳು

ರೋಗ ತರುವ ಬ್ಯಾಕ್ಟೀರಿಯಾಗಳು ತಯಾರಿಸಿ ಹೊರಬಿಡುವ ವಿಷಕಾರಿ ಪ್ರೋಟೀನುಗಳಿಗೆ ಜೀವಾಣುವಿಷ ಅಥವಾ ಟಾಕ್ಸಿನ್ ಎಂದು ಹೆಸರು. ಆಡುಮಾತಿನಲ್ಲಿ ಇದು ನಂಜು. ಪ್ರತಿ ನಂಜಿಗೂ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಒಂದೋ ಕೆಲವೋ ಜೀನ್‌ಗಳಿರುತ್ತವೆ. ಇವು ಹಗಲಿರುಳೂ ಕೆಲಸ ಮಾಡುವುದಿಲ್ಲ. ಮಣ್ಣಿನಲ್ಲಿ, ನೀರಿನಲ್ಲಿ, ಸಗಣಿಯಲ್ಲಿ ಇರುವಾಗ ಬಹುಪಾಲು ಮುಚ್ಚಿಕೊಂಡಿದ್ದು, ಪ್ರಾಣಿಯ ದೇಹ ಸೇರಿದ ಮೇಲೆ ತೆರೆದುಕೊಳ್ಳುತ್ತವೆ. ಉಷ್ಣತೆ, ಕಬ್ಬಿಣದ ಪ್ರಮಾಣ, ಇಂಗಾಲದ ಡೈಆಕ್ಸೈಡ್, ಪಿತ್ತರಸ, ತನ್ನಂಥವೇ ಬ್ಯಾಕ್ಟೀರಿಯಾಗಳ ದಟ್ಟಣೆ ಇವೆಲ್ಲ ಆ ತೆರೆಯುವಿಕೆಗೆ ಸೂಚನೆಗಳು. ಸೂಚನೆ ಹಿಡಿದು ಜೀನನ್ನು ತೆರೆಯುವ ಮತ್ತು ಮುಚ್ಚುವ ವ್ಯವಸ್ಥೆಗೆ ಜೀನ್ ನಿಯಂತ್ರಣ ಎನ್ನುತ್ತಾರೆ. ಒಂದೇ ರೋಗಾಣು ಒಂದೆಡೆ ನಿರುಪದ್ರವಿಯಾಗಿ, ಇನ್ನೊಂದೆಡೆ ಪ್ರಾಣಾಂತಿಕವಾಗಿ ಇರುವುದಕ್ಕೆ ಮುಖ್ಯ ಕಾರಣ ಇದೇ.

ಬೀದರ್ ಸೀಮೆಯ ಬೇನೆಗಳು

ಕರ್ನಾಟಕದ ತುತ್ತತುದಿಯ ಬೀದರ್ ಜಿಲ್ಲೆಯಲ್ಲಿ, ಹುಮನಾಬಾದ್ ಮತ್ತು ಬಸವಕಲ್ಯಾಣದ ಆಸುಪಾಸಿನ ನಿರ್ಣಾದಂಥ ಊರುಗಳಲ್ಲಿ, ಈ ವಿಷಯ ಪುಸ್ತಕಕ್ಕಿಂತ ಮೊದಲು ಕೊಟ್ಟಿಗೆಯಲ್ಲಿ ಎದುರಾಗುತ್ತದೆ. ತೊಗರಿ, ಉದ್ದು, ಕಬ್ಬಿನ ಈ ಸೀಮೆಯಲ್ಲಿ ದನ, ಎಮ್ಮೆ, ಕುರಿ, ಮೇಕೆಗಳು ಮನೆಯ ಆಸ್ತಿ. ದೇವಣಿ ತಳಿಯ ದನಗಳಿಗೆ ಬೀದರ್ ಮತ್ತು ನೆರೆಯ ಲಾತೂರು ತವರು. ಜಾನುವಾರುಗಳಿಗೆ ಬರುವ ಬ್ಯಾಕ್ಟೀರಿಯಾ ರೋಗಗಳಿಗೆ ಕನ್ನಡದಲ್ಲಿ ಹಳೆಯ ಹೆಸರುಗಳಿವೆ: ಆಂಥ್ರಾಕ್ಸ್‌ಗೆ ನೆರಡಿ, ಕುರಿಗಳ ಎಂಟರೋಟಾಕ್ಸಿಮಿಯಾಕ್ಕೆ ಕರುಳುಬೇನೆ, ತೊಡೆಯ ಮಾಂಸ ಊದಿ ಕಪ್ಪಾಗುವ ರೋಗಕ್ಕೆ ಚಪ್ಪೆಬೇನೆ, ಗಂಟಲು ಊದಿ ಉಸಿರು ಕಟ್ಟುವ ರೋಗಕ್ಕೆ ಗಳಲೆ. ಮನುಷ್ಯರ ರೋಗಗಳಿಗೂ ಹಾಗೆಯೇ: ಡಿಫ್ತೀರಿಯಾ ಗಂಟಲಮಾರಿ, ಪರ್ಟುಸಿಸ್ ನಾಯಿಕೆಮ್ಮು, ಟೆಟನಸ್ ಧನುರ್ವಾಯು, ಕಾಲರಾ ವಾಂತಿಭೇದಿ. ಗಳಲೆಯನ್ನು ಬಿಟ್ಟರೆ ಇವೆಲ್ಲದರಲ್ಲೂ ಜೀವ ತೆಗೆಯುವುದು ಮುಖ್ಯವಾಗಿ ಬ್ಯಾಕ್ಟೀರಿಯಾ ಹೊರಬಿಡುವ ನಂಜು.

ಗಳಲೆಯ ಲೆಕ್ಕ ಬೇರೆ. ಅದರ ರೋಗಾಣುವಾದ ಪಾಶ್ಚುರೆಲ್ಲಾದಲ್ಲಿ ವಿಷವು ಜೀವಕೋಶದ ಹೊರಪೊರೆಯ ಭಾಗವೇ ಆಗಿದೆ. ಇದಕ್ಕೆ ಒಳವಿಷ ಎನ್ನುತ್ತಾರೆ. ಬ್ಯಾಕ್ಟೀರಿಯಾ ತಯಾರಿಸಿ ಹೊರಗೆ ಬಿಡುವ ಪ್ರೋಟೀನು ಹೊರವಿಷ. ಈ ಲೇಖನದ ವಿಷಯ ಹೊರವಿಷ.

ಜೀನ್ ತೆರೆಯುವುದು ಹೇಗೆ

ಜೀನ್‌ನಲ್ಲಿರುವ ಮಾಹಿತಿ ಮೊದಲು ಆರ್‌ಎನ್‌ಎ ಎಂಬ ನಕಲಾಗಿ ಇಳಿಯುತ್ತದೆ, ಆ ನಕಲನ್ನು ನೋಡಿ ಕೋಶವು ಪ್ರೋಟೀನನ್ನು ಕಟ್ಟುತ್ತದೆ. ನಕಲಿಳಿಸುವ ಕಿಣ್ವ ಬಂದು ಕೂರುವ ಜಾಗ ಜೀನ್‌ನ ಮುಂದೆಯೇ ಇರುತ್ತದೆ. ಅಲ್ಲಿ ಬೇರೊಂದು ಪ್ರೋಟೀನು ಅಡ್ಡ ಕೂತರೆ ಕೆಲಸ ನಿಲ್ಲುತ್ತದೆ. ಅದು ತಡೆಗಾರ. ಕಿಣ್ವವನ್ನು ಕರೆತಂದು ಕೂರಿಸುವ ಪ್ರೋಟೀನೂ ಇದೆ. ಅದು ಚಾಲಕ. ಕಾಲುವೆಯ ತೂಬು ಕಂಡವರಿಗೆ ಇದು ಬೇಗ ತಿಳಿಯುತ್ತದೆ: ನೀರು ಇದ್ದೇ ಇರುತ್ತದೆ, ಹೊಲಕ್ಕೆ ಹರಿಯುವುದು ತೂಬು ಎತ್ತಿದಾಗ. ಈ ತತ್ವವನ್ನು 1961ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ವಿವರಿಸಿದರು. 1965ರಲ್ಲಿ ಆಂದ್ರೆ ಲ್ವಾಫ್ ಅವರೊಂದಿಗೆ ನೊಬೆಲ್ ಪಡೆದರು.

ನಂಜಿನ ಜೀನ್ ಎಷ್ಟೋ ಸಲ ಬ್ಯಾಕ್ಟೀರಿಯಾದ ಸ್ವಂತ ಆಸ್ತಿಯಲ್ಲ, ಹೊರಗಿನಿಂದ ಬಂದದ್ದು. ನೆರಡಿ, ಧನುರ್ವಾಯು, ಕರುಳುಬೇನೆಗಳ ವಿಷದ ಜೀನ್‌ಗಳು ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಉಂಗುರಗಳ ಮೇಲಿವೆ. ಗಂಟಲಮಾರಿಯ ಜೀನ್ ಬಂದದ್ದು ಬ್ಯಾಕ್ಟೀರಿಯಾಗೆ ತಗಲುವ ಫೇಜ್ ಎಂಬ ವೈರಸ್‌ನಿಂದ. ನಿರುಪದ್ರವಿ ತಳಿಯೊಂದು ಫೇಜ್ ಸೋಂಕಿದ ಮೇಲೆ ವಿಷ ಮಾಡತೊಡಗಿತೆಂದು 1951ರಲ್ಲಿ ವಿಕ್ಟರ್ ಫ್ರೀಮನ್ ತೋರಿಸಿದರು. ಕಾಲರಾ ವಿಷದ ಜೀನನ್ನು ಹೊತ್ತ ಫೇಜನ್ನು 1996ರಲ್ಲಿ ಮ್ಯಾಥ್ಯೂ ವಾಲ್ಡೋರ್ ಮತ್ತು ಜಾನ್ ಮೆಕಲನೋಸ್ ಗುರುತಿಸಿದರು.

ಕರುಳುಬೇನೆ: ಮೊದಲ ಮಳೆಯ ಹಸಿರು

ಮುಂಗಾರು ಹನಿದು ಹತ್ತು ಹದಿನೈದು ದಿನಕ್ಕೆ ಗುಡ್ಡದ ಮೇಲೆ ಎಳೆ ಹುಲ್ಲು ಏಳುತ್ತದೆ. ಬೇಸಿಗೆಯುದ್ದಕ್ಕೂ ಒಣ ಮೇವು ತಿಂದ ಕುರಿಗಳು ಅದರ ಮೇಲೆ ಮುಗಿಬೀಳುತ್ತವೆ. ಮರುದಿನ ಬೆಳಗ್ಗೆ ಹಟ್ಟಿಯಲ್ಲಿ ಸತ್ತು ಬಿದ್ದಿರುವುದು ಹಿಂಡಿನ ಬಡಕಲು ಮರಿಯಲ್ಲ, ಎಲ್ಲಕ್ಕಿಂತ ಚೆನ್ನಾಗಿ ಮೇದು ಕೊಬ್ಬಿದ ಮರಿ. ಕುರಿ ಸಾಕಿದವರೆಲ್ಲ ಬಲ್ಲ ಈ ನೋವಿನ ಹಿಂದೆ ಇರುವುದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಡಿ ಬಗೆ ಮತ್ತು ಅದರ ಎಪ್ಸಿಲಾನ್ ವಿಷ.

ಈ ಬ್ಯಾಕ್ಟೀರಿಯಾ ಆರೋಗ್ಯವಂತ ಕುರಿಯ ಕರುಳಿನಲ್ಲೂ ಅಲ್ಪಸ್ವಲ್ಪ ಇರುತ್ತದೆ. ಹುಲ್ಲೋ ಕಾಳೋ ಮಿತಿಮೀರಿದಾಗ ಅರಗದ ಪಿಷ್ಟ ಮತ್ತು ಸಕ್ಕರೆ ಸಣ್ಣಕರುಳಿಗೆ ಇಳಿಯುತ್ತವೆ. ಅನುಕೂಲ ಸಿಕ್ಕರೆ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲ ಈ ಜೀವಿ ಅಲ್ಲಿ ಗುಂಪುಗಟ್ಟುತ್ತದೆ. ಆಗ ಎರಡು ಹಂತದ ನಿಯಂತ್ರಣ ಕೆಲಸ ಮಾಡುತ್ತದೆ. ಮೊದಲನೆಯದು ಜೀನ್‌ನ ಹಂತ: ಕೋಶಗಳು ಹೊರಬಿಡುವ ಸಣ್ಣ ಪೆಪ್ಟೈಡ್ ಸಂಕೇತ ದಟ್ಟವಾದಂತೆ ವಿಷದ ಉತ್ಪಾದನೆ ಏರುತ್ತದೆ. ಎರಡನೆಯದು ಪ್ರೋಟೀನಿನ ಹಂತ: ಹೊರಬಿದ್ದ ಎಪ್ಸಿಲಾನ್ ಇನ್ನೂ ಮೊಂಡು. ಕುರಿಯ ಕರುಳಿನಲ್ಲೇ ಇರುವ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವ ಅದರ ತುದಿಯ ತುಣುಕನ್ನು ಕತ್ತರಿಸಿದಾಗ ವಿಷ ಹರಿತವಾಗುತ್ತದೆ. ಆಮೇಲೆ ಅದು ರಕ್ತ ಸೇರಿ ಮಿದುಳಿನ ಮತ್ತು ಮೂತ್ರಪಿಂಡದ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ಸತ್ತ ಕುರಿಯ ಮೂತ್ರಪಿಂಡ ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಾಗಿರುವುದುಂಟು.

ಇದೇ ಬ್ಯಾಕ್ಟೀರಿಯಾದ ಸಿ ಬಗೆಯಲ್ಲಿ ಲೆಕ್ಕ ತಲೆಕೆಳಗಾಗಿದೆ. ಅದರ ಬೀಟಾ ವಿಷವನ್ನು ಟ್ರಿಪ್ಸಿನ್ ನಾಶಮಾಡುತ್ತದೆ. ಆದರೆ ಗಿಣ್ಣುಹಾಲಿನಲ್ಲಿ ಟ್ರಿಪ್ಸಿನ್ ತಡೆಯುವ ಅಂಶವಿರುವುದರಿಂದ, ಹುಟ್ಟಿದ ಕೆಲವು ದಿನಗಳ ಮರಿಗಳು ಸಿ ಬಗೆಗೆ ಬಲಿಯಾಗುತ್ತವೆ. ಒಂದೇ ಕಿಣ್ವ ಒಂದು ವಿಷಕ್ಕೆ ಸಾಣೆ, ಇನ್ನೊಂದಕ್ಕೆ ಸಾವು.

ನೆರಡಿ: ರಕ್ತದ ಗುರುತು

ನೆರಡಿಯ ರೋಗಾಣು ಬ್ಯಾಸಿಲಸ್ ಆಂಥ್ರಾಸಿಸ್. ಇದು ಗಟ್ಟಿ ಬೀಜಕವಾಗಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ರೋಬರ್ಟ್ ಕಾಕ್ 1876ರಲ್ಲೇ ಇದರ ಜೀವನಚಕ್ರವನ್ನು ವಿವರಿಸಿದ್ದರೂ, ಇದು ವಿಷದಿಂದ ಕೊಲ್ಲುತ್ತದೆಯೆಂಬುದು ಮುಕ್ಕಾಲು ಶತಮಾನ ಸಾಬೀತಾಗಲಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ರಸದಲ್ಲಿ ಹುಡುಕಿದವರಿಗೆ ವಿಷ ಸಿಕ್ಕಿರಲಿಲ್ಲ. 1954ರಲ್ಲಿ ಬ್ರಿಟನ್ನಿನ ಹ್ಯಾರಿ ಸ್ಮಿತ್ ಮತ್ತು ಜೇಮ್ಸ್ ಕೆಪ್ಪಿ ಹುಡುಕುವ ಜಾಗವನ್ನೇ ಬದಲಿಸಿದರು. ರೋಗದಿಂದ ಸಾಯುತ್ತಿದ್ದ ಗಿನಿಇಲಿಗಳ ರಕ್ತದ್ರವವನ್ನು ಪರೀಕ್ಷಿಸಿದಾಗ ವಿಷ ಅಲ್ಲಿತ್ತು. ದೇಹದೊಳಗೆ ತಯಾರಾಗುವುದನ್ನು ಗಾಜಿನ ಶೀಷೆಯಲ್ಲಿ ಹುಡುಕಿದ್ದೇ ಹಿಂದಿನವರ ತೊಡಕಾಗಿತ್ತು.

ಕಾರಣ ಆಮೇಲೆ ತಿಳಿಯಿತು. ಸುಮಾರು 1,82,000 ಜೋಡಿ ಅಕ್ಷರಗಳ ಪ್ಲಾಸ್ಮಿಡ್ ಒಂದರ ಮೇಲೆ ನೆರಡಿ ವಿಷದ ಮೂರು ಜೀನ್‌ಗಳಿವೆ. ಮೂರಕ್ಕೂ ಎಟಿಎಕ್ಸ್‌ಎ ಎಂಬ ಒಬ್ಬನೇ ಚಾಲಕ. ಉಷ್ಣತೆ 37 ಡಿಗ್ರಿಯ ಹತ್ತಿರವಿದ್ದು, ರಕ್ತದಲ್ಲಿರುವಂತೆ ಬೈಕಾರ್ಬನೇಟ್ ಮತ್ತು ಇಂಗಾಲದ ಡೈಆಕ್ಸೈಡ್ ಸಾಕಷ್ಟು ಇದ್ದರೆ ಈ ಚಾಲಕ ಚುರುಕಾಗುತ್ತದೆ. ಸಾಮಾನ್ಯ ಗಾಳಿಯಲ್ಲಿ ಇಟ್ಟ ಶೀಷೆಯಲ್ಲಿ ಆ ಸೂಚನೆ ಸಿಗುವುದಿಲ್ಲ. ಬ್ಯಾಕ್ಟೀರಿಯಾದ ಸುತ್ತ ರಕ್ಷಣೆಯ ಕವಚ ಕಟ್ಟುವ ಜೀನ್‌ಗಳು ಮತ್ತೊಂದು ಪ್ಲಾಸ್ಮಿಡ್‌ನಲ್ಲಿದ್ದರೂ ಅವನ್ನು ಎಚ್ಚರಿಸುವುದರಲ್ಲೂ ಎಟಿಎಕ್ಸ್‌ಎ ಪಾಲಿದೆ.

ಸತ್ತ ಪ್ರಾಣಿಯ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುವುದು ನೆರಡಿಯ ಗುರುತು. ಅಂಥ ಹೆಣವನ್ನು ಸುಲಿಯಬಾರದು, ಕೊಯ್ಯಬಾರದು ಎಂಬ ನಿಯಮದ ಹಿಂದೆಯೂ ಇದೇ ಜೀವಶಾಸ್ತ್ರವಿದೆ. ಮುಚ್ಚಿದ ಹೆಣದೊಳಗೆ ಕೊಳೆಯುವಿಕೆಯಲ್ಲಿ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಗಾಳಿ ತಗುಲಿದರೆ ಬೀಜಕವಾಗಿ ಮಣ್ಣು ಸೇರಿ ಮುಂದಿನ ವರ್ಷಗಳಿಗೆ ಕಾದು ಕೂರುತ್ತದೆ.

ಗಂಟಲಮಾರಿ: ಕಬ್ಬಿಣದ ಬರ

ವಿಷದ ಜೀನ್ ನಿಯಂತ್ರಣವನ್ನು ಮೊದಲು ಸ್ಪಷ್ಟವಾಗಿ ತೋರಿಸಿದ ರೋಗ ಗಂಟಲಮಾರಿ. ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ 1888ರಲ್ಲಿ ಪ್ಯಾರಿಸ್ಸಿನಲ್ಲಿ ಇದರ ವಿಷವನ್ನು ಬೇರ್ಪಡಿಸಿದರು. 1936ರಲ್ಲಿ ಆಲ್ವಿನ್ ಪಾಪೆನ್‌ಹೈಮರ್ ಮತ್ತು ಜತೆಗಾರರು ಬೆಳೆಸುವ ರಸಕ್ಕೆ ಚೂರು ಕಬ್ಬಿಣ ಸೇರಿಸಿದರೆ ವಿಷ ನಿಲ್ಲುವುದನ್ನೂ, ಕಬ್ಬಿಣ ಕಡಿಮೆಯಾದರೆ ವಿಷ ಹೆಚ್ಚುವುದನ್ನೂ ಕಂಡರು.

ಇಲ್ಲಿನ ತಡೆಗಾರ ಡಿಟಿಎಕ್ಸ್‌ಆರ್. ಕಬ್ಬಿಣದ ಅಯಾನು ಅಂಟಿಕೊಂಡಾಗ ಈ ಪ್ರೋಟೀನು ವಿಷದ ಜೀನ್‌ನ ಮುಂದೆ ಗಟ್ಟಿಯಾಗಿ ಕೂರುತ್ತದೆ. ಕಬ್ಬಿಣ ಕಳಚಿದರೆ ಅಲ್ಲಿಂದ ಏಳುತ್ತದೆ. ನಮ್ಮ ದೇಹದಲ್ಲಿ ಬಿಡಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಟ್ರಾನ್ಸ್‌ಫೆರಿನ್, ಲ್ಯಾಕ್ಟೋಫೆರಿನ್ ಮುಂತಾದ ಪ್ರೋಟೀನುಗಳು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಹಾಗಾಗಿ ಗಂಟಲಿನಲ್ಲಿ ಕಬ್ಬಿಣದ ಬರ ಎದುರಾದೊಡನೆ ತಡೆಗಾರ ಏಳುತ್ತದೆ, ನಂಜು ಹರಿಯುತ್ತದೆ. ಸತ್ತ ಕೋಶಗಳಿಂದ ರೋಗಾಣುವಿಗೆ ಪೋಷಣೆ ಸಿಗುತ್ತದೆ. ಜೀನ್ ಫೇಜ್‌ನದ್ದು, ತಡೆಗಾರ ಬ್ಯಾಕ್ಟೀರಿಯಾದ್ದು. ಹೊರಗಿನಿಂದ ಬಂದ ಜೀನ್ ಮನೆಯ ಯಜಮಾನಿಕೆಗೆ ಒಳಪಟ್ಟಿದೆ.

ಈ ವಿಷ ಕೋಶದೊಳಗೆ ಪ್ರೋಟೀನು ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತದೆ. ಒಂದು ಕೋಶವನ್ನು ಕೊಲ್ಲಲು ಅದರ ಸಕ್ರಿಯ ಭಾಗದ ಒಂದೇ ಅಣು ಸಾಕೆಂದು 1978ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿದ ಮಗುವಿನ ಹೃದಯಕ್ಕೂ ನರಗಳಿಗೂ ಈ ವಿಷ ರಕ್ತದ ಮೂಲಕ ತಲುಪುತ್ತದೆ. ಉತ್ತರ ಕರ್ನಾಟಕದಿಂದ ಈ ರೋಗ ಇನ್ನೂ ಪೂರ್ತಿ ತೊಲಗಿಲ್ಲ.

ಕಾಲರಾ: ನೀರಿನಿಂದ ಕರುಳಿಗೆ

ಕಾಲರಾ ರೋಗಾಣುವಾದ ವಿಬ್ರಿಯೋ ಕಾಲರೆ ಮೂಲತಃ ಜಲವಾಸಿ. ಅದರ ವಿಷವನ್ನು 1959ರಲ್ಲಿ ಪ್ರಕಟಿಸಿ ತೋರಿಸಿದವರು ಕೋಲ್ಕತ್ತದ ವೈದ್ಯವಿಜ್ಞಾನಿ ಶಂಭುನಾಥ ಡೇ. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ರಸವೊಂದೇ ಮೊಲದ ಕರುಳಿನ ಕುಣಿಕೆಯನ್ನು ನೀರು ತುಂಬಿ ಉಬ್ಬಿಸಿತು. ಭಾರತದಲ್ಲಿ ನಡೆದ ವೈದ್ಯಕೀಯ ಸಂಶೋಧನೆಗಳಲ್ಲಿ ಇದಕ್ಕೆ ಎತ್ತರದ ಸ್ಥಾನವಿದೆ.

ವಿಷದ ಚಾಲಕನಾದ ಟಾಕ್ಸ್‌ಆರ್ ಅನ್ನು 1984ರಲ್ಲಿ ವರ್ಜೀನಿಯಾ ಮಿಲ್ಲರ್ ಮತ್ತು ಮೆಕಲನೋಸ್ ಕಂಡುಹಿಡಿದರು. ಇದು ಕೋಶದ ಪೊರೆಯಲ್ಲಿ ನಾಟಿಕೊಂಡಿದೆ. ಒಂದು ತುದಿ ಹೊರಗಿನ ಸುದ್ದಿ ಹಿಡಿದರೆ ಇನ್ನೊಂದು ತುದಿ ಒಳಗೆ ಡಿಎನ್‌ಎ ಮೇಲೆ ಕೂರುತ್ತದೆ. ಟಾಕ್ಸ್‌ಆರ್ ಮತ್ತು ಟಿಸಿಪಿಪಿ ಎಂಬ ಜೊತೆಗಾರ ಸೇರಿ ಟಾಕ್ಸ್‌ಟಿಯ ಜೀನನ್ನು ತೆರೆಯುತ್ತವೆ. ಟಾಕ್ಸ್‌ಟಿ ವಿಷದ ಜೀನನ್ನೂ, ಕರುಳಿನಲ್ಲಿ ನೆಲೆನಿಲ್ಲಲು ಬೇಕಾದ ಕೂದಲೆಳೆಗಳ ಜೀನ್‌ಗಳನ್ನೂ ಒಟ್ಟಿಗೆ ತೆರೆಯುತ್ತದೆ. ಕರುಳಿನ ನಡುವೆ ಪಿತ್ತರಸದ ಕೊಬ್ಬಿನಾಮ್ಲಗಳು ಟಾಕ್ಸ್‌ಟಿಯನ್ನು ಹಿಡಿದಿಡುತ್ತವೆ. ಗೋಡೆಯ ಹತ್ತಿರ ಹೋದಂತೆ ಬೈಕಾರ್ಬನೇಟ್ ಅದನ್ನು ಹುರಿದುಂಬಿಸುತ್ತದೆ. ಹೀಗಾಗಿ ನಂಜು ಬಿಡುಗಡೆಯಾಗುವುದು ತಗುಲಬೇಕಾದ ಕೋಶಗಳ ಪಕ್ಕದಲ್ಲೇ.

ಆ ವಿಷ ಕರುಳಿನ ಕೋಶಗಳಿಂದ ಉಪ್ಪು ಮತ್ತು ನೀರನ್ನು ಹೊರಗೆ ಸುರಿಸುತ್ತದೆ. ತೀವ್ರ ಕಾಲರಾದಲ್ಲಿ ವಯಸ್ಕರೊಬ್ಬರು ಗಂಟೆಗೆ ಒಂದು ಲೀಟರ್‌ವರೆಗೂ ನೀರು ಕಳೆದುಕೊಳ್ಳಬಹುದು. ರೋಗಿಗೆ ತಡಮಾಡದೆ ಓಆರ್‌ಎಸ್ ಕುಡಿಸಬೇಕೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಉಷ್ಣತೆಯ ಸೂಚನೆ

ನಾಯಿಕೆಮ್ಮಿನ ಬ್ಯಾಕ್ಟೀರಿಯಾದಲ್ಲಿ ಎರಡು ಪ್ರೋಟೀನುಗಳ ಜೋಡಿಯಿದೆ. ಪೊರೆಯಲ್ಲಿರುವ ಬಿವಿಜಿಎಸ್ ಸೂಚನೆ ಹಿಡಿದು ಒಳಗಿರುವ ಬಿವಿಜಿಎಗೆ ಫಾಸ್ಫೇಟ್ ದಾಟಿಸುತ್ತದೆ. ಅದು ನಂಜಿನ ಜೀನ್‌ಗಳನ್ನು ತೆರೆಯುತ್ತದೆ. 37 ಡಿಗ್ರಿಯಲ್ಲಿ ತೆರೆದಿರುವ ಈ ಜೀನ್‌ಗಳು 25 ಡಿಗ್ರಿಯ ಹತ್ತಿರ ಅಥವಾ ಮೆಗ್ನೀಷಿಯಂ ಸಲ್ಫೇಟ್ ಸೇರಿಸಿದಾಗ ಮುಚ್ಚುತ್ತವೆ. ತೆರೆಯುವುದರಲ್ಲೂ ಕ್ರಮವಿದೆ: ಗಂಟಲಿಗೆ ಅಂಟುವ ಪ್ರೋಟೀನುಗಳು ಮೊದಲು, ವಿಷ ಆಮೇಲೆ.

ಕೆಟ್ಟ ರಸಮೇವಿನಿಂದ ಕುರಿ, ದನಗಳಿಗೆ ತಗಲುವ ಲಿಸ್ಟೀರಿಯಾದ ಉಪಾಯ ಇನ್ನೂ ಸರಳ. ಅದರ ಮುಖ್ಯ ಚಾಲಕನ ಆರ್‌ಎನ್‌ಎ ನಕಲು ತಂಪಿನಲ್ಲಿ ಮಡಚಿಕೊಂಡು ಪ್ರೋಟೀನು ಕಟ್ಟುವ ಜಾಗವನ್ನು ಬಚ್ಚಿಡುತ್ತದೆ. ದೇಹದ ಬಿಸಿಗೆ ಮಡಿಕೆ ಬಿಚ್ಚಿ ಕೆಲಸ ಶುರುವಾಗುತ್ತದೆ. 2002ರಲ್ಲಿ ತಿಳಿದುಬಂದ ಇದನ್ನು ಆರ್‌ಎನ್‌ಎ ಉಷ್ಣಮಾಪಕ ಎಂದು ಕರೆಯುತ್ತಾರೆ.

ಕೋರಂ ತುಂಬುವುದು

ಗ್ರಾಮಸಭೆಯಲ್ಲಿ ಕೋರಂ ತುಂಬದೆ ಠರಾವು ಆಗುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲೂ ಇಂಥದ್ದೇ ನಡೆಯುತ್ತದೆಂದು ಕಂಡ ವಿಜ್ಞಾನಿಗಳು ಅದೇ ಪದವನ್ನು ಬಳಸಿ ಕೋರಂ ಸೆನ್ಸಿಂಗ್ ಎಂದು ಹೆಸರಿಟ್ಟರು. ಪ್ರತಿ ಕೋಶವೂ ಒಂದು ಸಂಕೇತದ ಅಣುವನ್ನು ಹೊರಬಿಡುತ್ತದೆ. ಕೋಶಗಳು ಹೆಚ್ಚಾದಂತೆ ಅಣುಗಳ ಸಾಂದ್ರತೆ ಏರಿ ಒಂದು ಮಟ್ಟ ದಾಟಿದಾಗ ಜೀನ್‌ಗಳ ನಡವಳಿಕೆ ಬದಲಾಗುತ್ತದೆ.

ಹಸು ಎಮ್ಮೆಗಳ ಕೆಚ್ಚಲುಬಾವಿಗೆ ಮುಖ್ಯ ಕಾರಣಗಳಲ್ಲೊಂದಾದ ಸ್ಟ್ಯಾಫಿಲೊಕಾಕಸ್ ಆರಿಯಸ್ ಇದಕ್ಕೆ ಒಳ್ಳೆಯ ಉದಾಹರಣೆ. ಸಂಖ್ಯೆ ಕಡಿಮೆಯಿರುವಾಗ ಅದು ಅಂಟಿಕೊಳ್ಳುವ ಪ್ರೋಟೀನುಗಳನ್ನು ಮಾಡುತ್ತದೆ. ಕೋರಂ ತುಂಬಿದಾಗ 514 ಅಕ್ಷರಗಳ ಒಂದು ಆರ್‌ಎನ್‌ಎ ಹುಟ್ಟಿ, ಅಂಟುವ ಕೆಲಸ ತಗ್ಗಿಸಿ ವಿಷದ ಕೆಲಸ ಏರಿಸುತ್ತದೆ. ಕಾಲರಾದಲ್ಲಿ ಇದಕ್ಕೆ ವಿರುದ್ಧ: ಗುಂಪು ದಟ್ಟವಾದಾಗ ಹ್ಯಾಪ್‌ಆರ್ ಎಂಬ ಪ್ರೋಟೀನು ವಿಷದ ಸರಣಿಯನ್ನು ಮುಚ್ಚಿಸುತ್ತದೆ. ಭೇದಿಯೊಡನೆ ಹೊರಟು ಮತ್ತೆ ನೀರು ಸೇರಲಿರುವ ಜೀವಿಗೆ ಆಗ ವಿಷ ಬೇಕಿಲ್ಲ. ಕೆಚ್ಚಲಿನಲ್ಲಿ ಉಳಿಯುವ ಜೀವಿಗೂ ಕರುಳಿನಿಂದ ಹೊರಡುವ ಜೀವಿಗೂ ಒಂದೇ ಎಣಿಕೆಯಿಂದ ಬೇರೆ ಬೇರೆ ತೀರ್ಮಾನ ಬರುತ್ತದೆ.

ಔಷಧವೇ ಸೂಚನೆಯಾದಾಗ

ಜಪಾನಿನ ಕಿಯೋಶಿ ಶಿಗಾ 1897ರ ರಕ್ತಭೇದಿ ಪಿಡುಗಿನಲ್ಲಿ ಗುರುತಿಸಿದ ಬ್ಯಾಕ್ಟೀರಿಯಾದಿಂದ ಶಿಗಾ ವಿಷಕ್ಕೆ ಆ ಹೆಸರು ಬಂತು. ದನಗಳ ಕರುಳಿನಲ್ಲಿ ಅವಕ್ಕೆ ತೊಂದರೆ ಕೊಡದೆ ಇರಬಲ್ಲ ಕೆಲವು ಇ. ಕೋಲೈ ತಳಿಗಳೂ ಈ ವಿಷ ಮಾಡುತ್ತವೆ. ಅವುಗಳಲ್ಲಿ ವಿಷದ ಜೀನ್ ಮಲಗಿರುವ ಫೇಜ್‌ನೊಳಗಿದೆ. ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಬಿದ್ದರೆ ಫೇಜ್ ಎಚ್ಚೆತ್ತು ತಾನು ಬೆಳೆಯುತ್ತದೆ, ಜತೆಗೆ ವಿಷವೂ ಬೆಳೆಯುತ್ತದೆ. ಕೆಲವು ಆಂಟಿಬಯಾಟಿಕ್‌ಗಳು ಇಂಥ ಪೆಟ್ಟನ್ನೇ ಕೊಡುತ್ತವೆ. ರಕ್ತಭೇದಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಲಸಿಕೆ ಮತ್ತು ಚಿಕಿತ್ಸೆಯಲ್ಲಿ ಬಳಕೆ

ಜೀನ್ ನಿಯಂತ್ರಣದ ತಿಳಿವಳಿಕೆ ಲಸಿಕೆಯ ಕಾರ್ಖಾನೆಯಲ್ಲಿ ದಿನನಿತ್ಯ ಕೆಲಸ ಮಾಡುತ್ತದೆ. ಗಂಟಲಮಾರಿಯ ಲಸಿಕೆಗೆ ಬೇಕಾದ ವಿಷವನ್ನು ಕಬ್ಬಿಣ ತಗ್ಗಿಸಿದ ರಸದಲ್ಲಿ ಬೆಳೆಸಿ ತೆಗೆಯುತ್ತಾರೆ. ಅದನ್ನು ಫಾರ್ಮಲಿನ್‌ನಿಂದ ನಿರ್ವಿಷಗೊಳಿಸಿ ಲಸಿಕೆ ಮಾಡುವ ವಿಧಾನವನ್ನು 1920ರ ದಶಕದಲ್ಲಿ ಗ್ಯಾಸ್ಟನ್ ರಾಮನ್ ರೂಪಿಸಿದರು. ಕರುಳುಬೇನೆಯ ಲಸಿಕೆಯೂ ಇದೇ ದಾರಿಯದು. ನೆರಡಿಗೆ ದಕ್ಷಿಣ ಆಫ್ರಿಕಾದಲ್ಲಿ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಕಂಡುಕೊಂಡ ತಳಿ ಇಂದಿಗೂ ಬಳಕೆಯಲ್ಲಿದೆ. ಅದು ರಕ್ಷಣಾ ಕವಚದ ಪ್ಲಾಸ್ಮಿಡ್ ಕಳೆದುಕೊಂಡು ವಿಷದ ಪ್ಲಾಸ್ಮಿಡ್ ಉಳಿಸಿಕೊಂಡ ತಳಿ. ಆದ್ದರಿಂದ ದೇಹಕ್ಕೆ ವಿಷದ ಪರಿಚಯ ಮಾಡಿಸುತ್ತದೆ, ರೋಗ ತರುವಷ್ಟು ಹಬ್ಬಲಾರದು.

ವಿಷದ ಬಾಗಿಲನ್ನೇ ತೆರೆಯದಂತೆ ಮಾಡುವ ಔಷಧಗಳ ಹುಡುಕಾಟವೂ ನಡೆದಿದೆ. 2005ರಲ್ಲಿ ಸುಮಾರು 50,000 ಸಂಯುಕ್ತಗಳನ್ನು ಜಾಲಾಡಿ, ಟಾಕ್ಸ್‌ಟಿಯನ್ನು ತಡೆಯುವ ವಿರ್‌ಸ್ಟಾಟಿನ್ ಎಂಬ ಅಣುವನ್ನು ಕಂಡುಕೊಂಡರು. ಇಲಿಮರಿಗಳ ಕರುಳಿನಲ್ಲಿ ಕಾಲರಾ ರೋಗಾಣು ನೆಲೆಯೂರುವುದನ್ನು ಅದು ತಡೆಯಿತು.

ಕರ್ನಾಟಕದಲ್ಲಿ ಜಾನುವಾರು ಲಸಿಕೆಗಳು ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಪಶು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತವೆ. ಯಲಹಂಕದ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯು ನೆರಡಿ, ಕರುಳುಬೇನೆ, ಚಪ್ಪೆಬೇನೆ, ಗಳಲೆ ಮುಂತಾದವು ಯಾವ ಜಿಲ್ಲೆಯಲ್ಲಿ ತಲೆದೋರಬಹುದೆಂದು ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುತ್ತದೆ. ಬೀದರಿನ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ನಿರ್ಣಾದ ರೈತನಿಗೆ ಈ ವಿಜ್ಞಾನ ದೂರದ್ದಲ್ಲ.

ಸಾರಾಂಶ

ಜೀನ್ ತೆರೆದ ಮೇಲೆ ನಂಜು ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ. ಕೋಶದೊಳಗೆ ಹೊಕ್ಕ ಗಂಟಲಮಾರಿಯ ವಿಷವನ್ನು ಪ್ರತಿವಿಷವೂ ಹಿಂದೆ ತರಲಾರದು. ಕರುಳುಬೇನೆ ಬಡಿದ ಕುರಿಗೆ ಔಷಧ ಹಾಕುವಷ್ಟು ಹೊತ್ತೂ ಇರುವುದಿಲ್ಲ. ಆದುದರಿಂದ ತಡೆ ಎಂಬುದು ಬಾಗಿಲು ತೆರೆಯುವ ಮೊದಲೇ ದೇಹದಲ್ಲಿ ಸಿದ್ಧವಿರಬೇಕು. ಕುರಿಗಳಿಗೆ ಮುಂಗಾರಿಗೆ ಮುಂಚೆ ಕರುಳುಬೇನೆ ಲಸಿಕೆ ಹಾಕಿಸಿ, ಎಳೆ ಹುಲ್ಲಿಗೆ ಹಸಿದ ಹೊಟ್ಟೆಯಲ್ಲಿ ಬಿಡಬೇಡಿ. ನೆರಡಿಯ ಅನುಮಾನವಿರುವ ಹೆಣವನ್ನು ಕೊಯ್ಯದೆ ಪಶುವೈದ್ಯರಿಗೆ ತಿಳಿಸಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಮಕ್ಕಳಿಗೆ 6, 10, 14ನೇ ವಾರದ ಗಂಟಲಮಾರಿ ಲಸಿಕೆಯ ಜತೆಗೆ ಒಂದೂವರೆ ವರ್ಷದ, 5 ವರ್ಷದ, 10 ಮತ್ತು 16 ವರ್ಷದ ಡೋಸ್‌ಗಳನ್ನೂ ತಪ್ಪದೆ ಕೊಡಿಸಿ.